ಪ್ರಾಚೀನ ಗ್ರೀಸಿನ ಬೆಳ್ಳಿ ನಾಣ್ಯಗಳು ಮತ್ತು ಅವುಗಳ ಮೇಲಿನ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕ್ ನಾಣ್ಯಗಳ ಚಿತ್ರಗಳನ್ನು ಮೊದಲ ಬಾರಿಗೆ ಕಂಡವರು ಅವನ್ನು ಕಲಾಕೃತಿಗಳೆಂದೇ ಮೆಚ್ಚುತ್ತಾರೆ. ಮೆಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಅವು ಮೊದಲು ಹಣ. ಸಂತೆಯಲ್ಲಿ, ಬಂದರಿನಲ್ಲಿ, ಸೈನಿಕನ ಸಂಬಳದಲ್ಲಿ ಕೈಯಿಂದ ಕೈಗೆ ಹೋದ ಬೆಳ್ಳಿಯ ತುಂಡುಗಳು. ಚಿತ್ರ ಆ ಬೆಳ್ಳಿಗೆ ನಗರವೊಂದು ಕೊಟ್ಟ ಜಾಮೀನು. ಇಲ್ಲಿನ ಉತ್ತರಗಳೆಲ್ಲ ಈ ದೃಷ್ಟಿಯಿಂದ ಬರೆದವು.

ನಾಣ್ಯ ಎಂಬುದು ಗ್ರೀಸಿನಲ್ಲಿಯೇ ಹುಟ್ಟಿತೇ?

ಪಶ್ಚಿಮ ಜಗತ್ತಿನ ಮಟ್ಟಿಗೆ ಹೇಳುವುದಾದರೆ, ನಾಣ್ಯ ಹುಟ್ಟಿದ್ದು ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯದಲ್ಲಿ ಮತ್ತು ಅದರ ನೆರೆಯ ಗ್ರೀಕ್ ನಗರಗಳಲ್ಲಿ, ಕ್ರಿ.ಪೂ. ಏಳನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಮೊದಲ ನಾಣ್ಯಗಳು ಚಿನ್ನ ಬೆಳ್ಳಿ ಬೆರೆತ ಎಲೆಕ್ಟ್ರಮ್ ಎಂಬ ಲೋಹದವು. ಎಫೆಸಸ್‌ನ ಆರ್ಟೆಮಿಸ್ ದೇವಾಲಯದ ಉತ್ಖನನದಲ್ಲಿ ಇಂಥವು ದೊರೆತಿವೆ. ಕ್ರಿ.ಪೂ. ಆರನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಲಿಡಿಯಾದ ದೊರೆ ಕ್ರೀಸಸ್‌ನ ಕಾಲಕ್ಕೆ ಚಿನ್ನ ಮತ್ತು ಬೆಳ್ಳಿಯ ನಾಣ್ಯಗಳು ಬೇರೆಬೇರೆಯಾದವು. ಅವುಗಳ ಮೇಲೆ ಸಿಂಹವೂ ಗೂಳಿಯೂ ಎದುರುಬದುರಾಗಿ ನಿಂತಿವೆ. ಆ ಕಲ್ಪನೆಯನ್ನು ಏಜಿಯನ್ ಸಮುದ್ರದ ಆಚೆಗಿನ ಗ್ರೀಕರು ಬಹುಬೇಗ ತಮ್ಮದಾಗಿಸಿಕೊಂಡರು, ಮತ್ತು ಬೆಳ್ಳಿಯನ್ನು ಆರಿಸಿಕೊಂಡರು.

ಚಿನ್ನವಲ್ಲದೆ ಬೆಳ್ಳಿಯನ್ನೇ ಏಕೆ ಆರಿಸಿಕೊಂಡರು?

ಅವರಿಗೆ ದೊರೆಯುತ್ತಿದ್ದುದು ಬೆಳ್ಳಿ. ಅಥೆನ್ಸಿನ ದಕ್ಷಿಣಕ್ಕಿದ್ದ ಲಾರಿಯಾನ್ ಗಣಿಗಳು, ಸಿಫ್ನೋಸ್ ದ್ವೀಪ, ಉತ್ತರದ ಥ್ರೇಸ್ ಮತ್ತು ಮ್ಯಾಸಿಡೋನಿಯಾದ ಬೆಟ್ಟಗಳು ಬೆಳ್ಳಿಯ ಮೂಲಗಳಾಗಿದ್ದವು. ಚಿನ್ನದ ನಾಣ್ಯ ನಿತ್ಯದ ವ್ಯವಹಾರಕ್ಕೆ ತೀರಾ ದುಬಾರಿಯೂ ಆಗುತ್ತಿತ್ತು. ಬೆಳ್ಳಿಯನ್ನಾದರೆ ಹಡಗು ಕಟ್ಟಿಸುವ ವೆಚ್ಚಕ್ಕೂ ಸಂತೆಯ ಮೀನಿಗೂ ಹೊಂದುವಂತೆ ದೊಡ್ಡದಾಗಿ, ಚಿಕ್ಕದಾಗಿ ಕತ್ತರಿಸಬಹುದಿತ್ತು.

ನಾಣ್ಯಗಳನ್ನು ಹೇಗೆ ತಯಾರಿಸುತ್ತಿದ್ದರು?

ತೂಕ ನೋಡಿ ಸಿದ್ಧಪಡಿಸಿದ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನಲ್ಲಿ ಕೂತಿರುತ್ತಿತ್ತು. ಅದರಿಂದ ಮೂಡುವುದು ಮುಂಬದಿ. ಮೇಲಿನ ಅಚ್ಚನ್ನು ಕೆಲಸಗಾರ ಕೈಯಲ್ಲಿ ಹಿಡಿದಿರುತ್ತಿದ್ದ. ಅದರಿಂದ ಮೂಡುವುದು ಹಿಂಬದಿ. ಸುತ್ತಿಗೆಯ ಪೆಟ್ಟು ನೇರವಾಗಿ ಬೀಳುತ್ತಿದ್ದುದು ಮೇಲಿನ ಅಚ್ಚಿನ ಮೇಲಾದ್ದರಿಂದ ಅದು ಬೇಗ ಸವೆಯುತ್ತಿತ್ತು, ಒಡೆಯುತ್ತಿತ್ತು. ಮೊದಮೊದಲ ನಾಣ್ಯಗಳ ಹಿಂಬದಿಯಲ್ಲಿ ಚಿತ್ರವೇ ಇರಲಿಲ್ಲ, ಬಿಲ್ಲೆಯನ್ನು ಅಚ್ಚಿನೊಳಕ್ಕೆ ಒತ್ತಿದ ಉಳಿಯ ಚೌಕಾಕಾರದ ತಗ್ಗು ಮಾತ್ರ ಇರುತ್ತಿತ್ತು. ಆ ತಗ್ಗಿನೊಳಗೇ ಮುಂದೆ ಚಿತ್ರವೂ ಅಕ್ಷರವೂ ಬಂದು ಕೂತವು. ಅಥೆನ್ಸಿನ ಗೂಬೆಯ ಸುತ್ತ ಈ ಚೌಕದ ಅಂಚು ಇಂದಿಗೂ ಎದ್ದು ಕಾಣುತ್ತದೆ.

ಎಲ್ಲವೂ ಕೈಕೆಲಸವಾಗಿದ್ದುದರಿಂದ ಯಾವ ಎರಡು ನಾಣ್ಯಗಳೂ ಒಂದೇ ರೀತಿ ಇರುವುದಿಲ್ಲ. ಚಿತ್ರ ಒಂದು ಬದಿಗೆ ಸರಿದಿರುತ್ತದೆ, ದೇವಿಯ ಮೂಗಿನ ತುದಿಯೋ ಶಿರಸ್ತ್ರಾಣದ ತುರಾಯಿಯೋ ಬಿಲ್ಲೆಯ ಆಚೆಗೆ ಹೋಗಿರುತ್ತದೆ, ಪೆಟ್ಟು ಬಿದ್ದ ಕಡೆ ಅಂಚು ಸೀಳಿರುತ್ತದೆ. ಇವನ್ನು ದೋಷವೆಂದು ಎಣಿಸಬೇಕಾಗಿಲ್ಲ. ತೂಕ ಸರಿಯಾಗಿದ್ದು ಲಾಂಛನ ಗುರುತು ಹಿಡಿಯುವಷ್ಟು ಮೂಡಿದ್ದರೆ ಕಮ್ಮಟದವರ ಕೆಲಸ ಮುಗಿಯುತ್ತಿತ್ತು.

ಡ್ರಾಕ್ಮ, ಒಬಲ್, ಟೆಟ್ರಡ್ರಾಕ್ಮ್ ಎಂದರೇನು? ಅವುಗಳ ಬೆಲೆ ಎಷ್ಟಿತ್ತು?

ಅಥೆನ್ಸಿನ ಲೆಕ್ಕದಲ್ಲಿ ಆರು ಒಬಲ್ ಸೇರಿದರೆ ಒಂದು ಡ್ರಾಕ್ಮ. ನೂರು ಡ್ರಾಕ್ಮಕ್ಕೆ ಒಂದು ಮಿನಾ, ಅರವತ್ತು ಮಿನಾಕ್ಕೆ ಒಂದು ಟ್ಯಾಲೆಂಟ್. ಡ್ರಾಕ್ಮದ ತೂಕ ಸುಮಾರು 4.3 ಗ್ರಾಂ, ನಾಲ್ಕು ಡ್ರಾಕ್ಮದ ನಾಣ್ಯವೇ ಟೆಟ್ರಡ್ರಾಕ್ಮ್, ಅದರ ತೂಕ ಸುಮಾರು 17.2 ಗ್ರಾಂ. ಟ್ಯಾಲೆಂಟ್ ಎಂಬುದು ನಾಣ್ಯವಲ್ಲ, ಸುಮಾರು 26 ಕಿಲೋಗ್ರಾಂ ಬೆಳ್ಳಿಯ ಲೆಕ್ಕ. ಒಬಲ್‌ನಲ್ಲೂ ಅರ್ಧ, ಕಾಲು ಭಾಗಗಳಿದ್ದವು. ಕಾಲು ಒಬಲ್ ಎಂದರೆ ಗ್ರಾಮಿನ ಐದನೆಯ ಒಂದು ಭಾಗಕ್ಕೂ ಕಡಿಮೆ ಬೆಳ್ಳಿ. ಅಥೆನ್ಸಿನವರು ಚಿಲ್ಲರೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದರು ಎಂಬುದಕ್ಕೆ ಅರಿಸ್ಟೊಫನೀಸ್‌ನ ನಾಟಕಗಳಲ್ಲಿ ಸಾಕ್ಷ್ಯವಿದೆ.

ಬೆಲೆಯನ್ನು ಇಂದಿನ ರೂಪಾಯಿಗೆ ಪರಿವರ್ತಿಸುವುದರಲ್ಲಿ ಅರ್ಥವಿಲ್ಲ. ಕೂಲಿಯ ಲೆಕ್ಕ ಹೆಚ್ಚು ನೆರವಾಗುತ್ತದೆ. ಕ್ರಿ.ಪೂ. 409ರ ಸುಮಾರಿಗೆ ಅಥೆನ್ಸಿನ ಕೋಟೆಗುಡ್ಡವಾದ ಅಕ್ರೊಪೊಲಿಸ್ ಮೇಲೆ ಎರೆಕ್ಥಿಯಾನ್ ದೇಗುಲ ಕಟ್ಟಿದ ಕೆಲಸಗಾರರಿಗೆ ದಿನಕ್ಕೆ ಒಂದು ಡ್ರಾಕ್ಮ ಕೂಲಿ ಸಂದಿದ್ದನ್ನು ಕಲ್ಲಿನಲ್ಲಿ ಕೊರೆದ ಲೆಕ್ಕಪತ್ರಗಳು ದಾಖಲಿಸಿವೆ. ನ್ಯಾಯಸ್ಥಾನದಲ್ಲಿ ಕೂರುವ ಪಂಚರಿಗೆ ಆ ಕಾಲದಲ್ಲಿ ದಿನಭತ್ಯೆ ಮೂರು ಒಬಲ್. ಹಾಗೆ ನೋಡಿದರೆ ಗೂಬೆಯ ಚಿತ್ರವಿರುವ ಒಂದು ಟೆಟ್ರಡ್ರಾಕ್ಮ್ ನುರಿತ ಕಲ್ಲುಕುಟಿಗನೊಬ್ಬನ ನಾಲ್ಕು ದಿನದ ದುಡಿಮೆ.

ತೂಕದ ಅಳತೆ ಎಲ್ಲ ನಗರಗಳಲ್ಲೂ ಒಂದೇ ಆಗಿರಲಿಲ್ಲ. ಏಜಿನಾದ ಮುಖ್ಯ ನಾಣ್ಯ ಸುಮಾರು 12.2 ಗ್ರಾಂ ತೂಗುತ್ತಿತ್ತು, ಕಾರಿಂತ್‌ನದು ಸುಮಾರು 8.6 ಗ್ರಾಂ. ಆದ್ದರಿಂದಲೇ ಪ್ರತಿ ಬಂದರಿನಲ್ಲೂ ಮೇಜು ಹಾಕಿಕೊಂಡು ಕೂತ ಹಣ ಬದಲಿಸುವವರು ಅನಿವಾರ್ಯವಾಗಿದ್ದರು.

ನಾಣ್ಯದ ಮೇಲೆ ಚಿತ್ರ ಏಕೆ ಬೇಕಾಯಿತು?

ಬೆಳ್ಳಿಯ ತುಂಡನ್ನು ಪ್ರತಿ ಸಲವೂ ತೂಗಿ, ಒರೆಹಚ್ಚಿ ತೆಗೆದುಕೊಳ್ಳುವ ಕಷ್ಟವನ್ನು ತಪ್ಪಿಸುವುದೇ ನಾಣ್ಯದ ಉದ್ದೇಶ. ತೂಕಕ್ಕೂ ಶುದ್ಧತೆಗೂ ತಾನು ಹೊಣೆ ಎಂದು ನಗರವೊಂದು ಮುದ್ರೆ ಒತ್ತುತ್ತದೆ. ಆ ಮುದ್ರೆಯನ್ನು ಓದು ಬಾರದವನೂ ಪರದೇಶದವನೂ ಒಂದು ನೋಟಕ್ಕೆ ಗುರುತಿಸಬೇಕು. ಅದಕ್ಕಾಗಿ ನಗರಗಳು ತಮಗೆ ಈಗಾಗಲೇ ಅಂಟಿಕೊಂಡಿದ್ದ ಗುರುತನ್ನು ಆರಿಸಿಕೊಂಡವು: ಕಾಯುವ ದೇವತೆ, ಆ ದೇವತೆಯ ಪ್ರಾಣಿ, ಊರಿನ ಪುರಾಣ, ಊರಿನ ಬೆಳೆ, ಕೆಲವೊಮ್ಮೆ ಹೆಸರಿನ ಮೇಲಿನ ಶ್ಲೇಷೆ.

ಚಿತ್ರಗಳ ಅರ್ಥವನ್ನು ಹೇಳುವ ಸಮಕಾಲೀನ ಬರಹಗಳು ಬಹಳ ಕಡಿಮೆ. ಯಾವ ನಗರವೂ ತನ್ನ ಲಾಂಛನಕ್ಕೆ ವಿವರಣೆ ಬರೆದಿಡಲಿಲ್ಲ. ಹೀಗಾಗಿ ಪ್ರತಿಯೊಂದು ಎಲೆಗೂ ನಕ್ಷತ್ರಕ್ಕೂ ಗೂಢಾರ್ಥ ಹಚ್ಚುವ ಬರಹಗಳನ್ನು ಓದುವಾಗ ಎಚ್ಚರ ಬೇಕು. ನಾಣ್ಯದ ಮೇಲೆಯೇ ಹೆಸರು ಬರೆದಿರುವಲ್ಲಿ ಅಥವಾ ಊರಿನ ಆರಾಧನೆ ಬೇರೆ ಆಧಾರಗಳಿಂದ ತಿಳಿದಿರುವಲ್ಲಿ ನಮ್ಮ ನೆಲ ಗಟ್ಟಿ. ಉಳಿದೆಡೆ ಊಹೆಯನ್ನು ಊಹೆಯೆಂದೇ ಹೇಳುವುದು ಪ್ರಾಮಾಣಿಕತೆ.

ಅಥೆನ್ಸಿನ ಗೂಬೆ ನಾಣ್ಯದಲ್ಲಿ ಏನೇನು ಇದೆ?

ಮುಂಬದಿಯಲ್ಲಿ ನಗರದೇವತೆ ಅಥೀನಾಳ ತಲೆ, ಬಲಕ್ಕೆ ಮುಖ. ತುರಾಯಿಯುಳ್ಳ ಶಿರಸ್ತ್ರಾಣ, ಅದರ ಮೇಲೆ ಹಣೆಯ ನೇರಕ್ಕೆ ನಿಂತ ಆಲಿವ್ ಎಲೆಗಳು, ಹಿಂದೆ ಸುರುಳಿ ಬಳ್ಳಿಯ ಕೆತ್ತನೆ, ಕಿವಿಯಲ್ಲಿ ದುಂಡನೆಯ ಓಲೆ, ಹಣೆಯ ಮೇಲೆ ಅಲೆಅಲೆಯಾಗಿ ಬಾಚಿದ ಕೂದಲು. ಮುಖ ಪಕ್ಕದಿಂದ ಕಾಣುತ್ತಿದ್ದರೂ ಕಣ್ಣು ಮಾತ್ರ ಎದುರಿನಿಂದ ನೋಡಿದಂತೆ ಬಾದಾಮಿಯ ಆಕಾರದಲ್ಲಿ ಪೂರ್ತಿಯಾಗಿ ತೆರೆದಿದೆ. ತುಟಿಯಲ್ಲಿ ಆ ಕಾಲದ ಶಿಲ್ಪಗಳಲ್ಲಿ ಕಾಣುವ ಅದೇ ತೆಳುನಗೆ.

ಹಿಂಬದಿಯಲ್ಲಿ ಗೂಬೆ. ಮೈ ಬಲಕ್ಕೆ ತಿರುಗಿದೆ, ತಲೆ ನೇರವಾಗಿ ನೋಡುವವರ ಕಡೆಗೆ. ಎಡ ಮೂಲೆಯಲ್ಲಿ ಎರಡು ಎಲೆ, ಒಂದು ಕಾಯಿಯ ಆಲಿವ್ ಚಿಗುರು; ಅದರ ಮಗ್ಗುಲಲ್ಲಿ ಸಣ್ಣ ಬಾಗುಚಂದ್ರ. ಬಲಗಡೆ ಮೇಲಿನಿಂದ ಕೆಳಕ್ಕೆ ಆಲ್ಫಾ, ಥೀಟಾ, ಎಪ್ಸಿಲಾನ್ ಎಂಬ ಮೂರು ಅಕ್ಷರ. ಅಥೆನ್ಸಿನವರದು ಎಂಬುದರ ಸಂಕ್ಷೇಪ. ಈ ಗೂಬೆ ಪ್ರಾಣಿಶಾಸ್ತ್ರದಲ್ಲಿ ಅಥೀನೆ ನಾಕ್ಟುವಾ ಎಂಬ ಹೆಸರಿನದು. ನಮ್ಮ ಹೊಲ ತೋಟಗಳಲ್ಲಿ ಸಂಜೆ ಕೂಗುವ ಹಾಲಕ್ಕಿಯೂ ಇದೇ ಕುಲಕ್ಕೆ ಸೇರಿದ ಹಕ್ಕಿ.

ಅಥೀನಾ ಮತ್ತು ಗೂಬೆಯ ಈ ಜೋಡಿ ಕ್ರಿ.ಪೂ. ಆರನೆಯ ಶತಮಾನದ ಕೊನೆಯ ಭಾಗದಲ್ಲಿ ಆರಂಭವಾಯಿತು. ಶಿರಸ್ತ್ರಾಣದ ಎಲೆಗಳೂ ಚಂದ್ರನೂ ಪರ್ಷಿಯನ್ನರ ದಾಳಿಯ ನಂತರ, ಸುಮಾರು ಕ್ರಿ.ಪೂ. 479ರ ಬಳಿಕ ಸೇರಿದವು. ಆಲಿವ್ ಎಲೆಗಳನ್ನು ವಿಜಯದ ಸಂಕೇತವೆಂದು ಓದುವುದು ಸಮಂಜಸವಾಗಿ ಕಾಣುತ್ತದೆ. ಚಂದ್ರನನ್ನು ಮ್ಯಾರಥಾನ್ ಅಥವಾ ಸಲಾಮಿಸ್ ಕದನದ ರಾತ್ರಿಗೆ ಜೋಡಿಸುವವರಿದ್ದಾರೆ. ಹಾಗೆಂದು ಹೇಳುವ ಪ್ರಾಚೀನ ಬರಹವಿಲ್ಲ. ಇರುಳಿನ ಹಕ್ಕಿಯ ಪಕ್ಕದಲ್ಲಿ ಚಂದ್ರನಿರುವುದಕ್ಕೆ ಬೇರೆ ಕಾರಣ ಬೇಕೇ ಎಂಬುದು ನನ್ನ ಅನಿಸಿಕೆ.

ಇಷ್ಟೊಂದು ಗೂಬೆ ನಾಣ್ಯಗಳಿಗೆ ಬೆಳ್ಳಿ ಎಲ್ಲಿಂದ ಬಂತು?

ಲಾರಿಯಾನ್ ಗಣಿಗಳಿಂದ. ಅಲ್ಲಿನ ಸೀಸದ ಅದಿರಿನಲ್ಲಿ ಬೆಳ್ಳಿ ಅಡಗಿತ್ತು. ಅದಿರನ್ನು ಪುಡಿಮಾಡಿ, ಇಳಿಜಾರು ಕಟ್ಟೆಗಳ ಮೇಲೆ ನೀರಿನಲ್ಲಿ ತೊಳೆದು, ಕರಗಿಸಿ, ಕೊನೆಗೆ ಗಾಳಿಯೂದುತ್ತ ಸೀಸವನ್ನು ಬೇರ್ಪಡಿಸಿ ಬೆಳ್ಳಿಯನ್ನು ಉಳಿಸಿಕೊಳ್ಳುತ್ತಿದ್ದರು. ಆ ತೊಳೆಕಟ್ಟೆಗಳ ಅವಶೇಷ ಇಂದಿಗೂ ಅಲ್ಲಿ ಉಳಿದಿದೆ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಹೇರಳ ಬೆಳ್ಳಿ ಸಿಕ್ಕಾಗ ಅದನ್ನು ನಾಗರಿಕರಿಗೆ ತಲೆಗೆ ಹತ್ತು ಡ್ರಾಕ್ಮದಂತೆ ಹಂಚುವ ಮಾತು ನಡೆದಿತ್ತೆಂದೂ, ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸ್ ಅದನ್ನು ಯುದ್ಧನೌಕೆಗಳಿಗೆ ವಿನಿಯೋಗಿಸುವಂತೆ ಸಭೆಯನ್ನು ಒಪ್ಪಿಸಿದನೆಂದೂ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಮೂರು ವರ್ಷಗಳ ಬಳಿಕ ಸಲಾಮಿಸ್‌ನಲ್ಲಿ ಪರ್ಷಿಯನ್ನರನ್ನು ಸೋಲಿಸಿದ್ದು ಆ ನೌಕೆಗಳೇ. ಮುಂದೆ ಮಿತ್ರನಗರಗಳಿಂದ ಬರುತ್ತಿದ್ದ ಕಪ್ಪವೂ ಸೇರಿ, ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಪೆಲೊಪೊನೀಸಿಯನ್ ಯುದ್ಧದ ಹೊಸ್ತಿಲಲ್ಲಿ ಅಕ್ರೊಪೊಲಿಸ್ ಮೇಲೆ ಟಂಕಿಸಿದ ಬೆಳ್ಳಿಯೇ 6,000 ಟ್ಯಾಲೆಂಟ್ ಇತ್ತೆಂದು ಥ್ಯುಸಿಡಿಡೀಸ್ ದಾಖಲಿಸುತ್ತಾನೆ. ಅದು ಸುಮಾರು 90 ಲಕ್ಷ ಟೆಟ್ರಡ್ರಾಕ್ಮ್‌ಗಳಿಗೆ ಸಮ.

ಈ ನಾಣ್ಯಗಳ ಬಗ್ಗೆ ಬರೆಯುವಾಗ ಗಣಿಯೊಳಗಿದ್ದವರನ್ನು ಬಿಡುವಂತಿಲ್ಲ. ಲಾರಿಯಾನ್‌ನ ಇಕ್ಕಟ್ಟಾದ ಸುರಂಗಗಳಲ್ಲಿ ಅಗೆದವರು ಗುಲಾಮರು. ಸೇನಾನಿ ನಿಕಿಯಾಸ್ ತನ್ನ ಸಾವಿರ ಗುಲಾಮರನ್ನು ತಲೆಗೆ ದಿನಕ್ಕೆ ಒಂದು ಒಬಲ್‌ನಂತೆ ಗಣಿಗೆ ಬಾಡಿಗೆಗೆ ಕೊಟ್ಟಿದ್ದನೆಂದು ಝೆನೊಫನ್ ಲೆಕ್ಕ ಕೊಡುತ್ತಾನೆ. ಆ ಒಬಲ್ ಅವರ ಕೈಗೆ ಸೇರುತ್ತಿರಲಿಲ್ಲ, ಒಡೆಯನಿಗೆ ಹೋಗುತ್ತಿತ್ತು. ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಹೊಳೆಯುವ ಗೂಬೆಗಳ ವಿವರಫಲಕದಲ್ಲಿ ಈ ಒಂದು ಸಾಲು ಇರಲೇಬೇಕೆಂದು ನಾನು ನಂಬುತ್ತೇನೆ.

ಶಿಲ್ಪಕಲೆ ಇಷ್ಟು ಮುಂದುವರಿದರೂ ಅಥೆನ್ಸಿನ ನಾಣ್ಯ ಹಳೆಯ ಶೈಲಿಯಲ್ಲೇ ಉಳಿದದ್ದೇಕೆ?

ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ಕಡೆದ ಅದೇ ನಗರ, ಅದೇ ದಶಕಗಳಲ್ಲಿ, ನೂರು ವರ್ಷ ಹಿಂದಿನಂತೆ ಕಾಣುವ ಅಥೀನಾಳನ್ನು ನಾಣ್ಯಕ್ಕೆ ಒತ್ತುತ್ತಿತ್ತು. ಕಲಾವಿದರಿಗೆ ಕೊರತೆಯಿರಲಿಲ್ಲ. ಗೂಬೆ ನಾಣ್ಯ ಈಜಿಪ್ಟ್, ಸಿರಿಯಾ, ಪರ್ಷಿಯಾ ಸಾಮ್ರಾಜ್ಯದ ಮೂಲೆಮೂಲೆಗಳವರೆಗೆ ಚಲಾವಣೆಯಲ್ಲಿತ್ತು. ಅಲ್ಲಿನ ವ್ಯಾಪಾರಿಗೆ ಪರಿಚಿತವಾದ ಮುಖ ಬದಲಾದರೆ ಬೆಳ್ಳಿಯ ಮೇಲಿನ ನಂಬಿಕೆಯೂ ಅಲುಗುತ್ತಿತ್ತು. ಆ ನಾಣ್ಯಗಳ ಮೇಲೆ ಉಳಿಯಿಂದ ಹೊಡೆದ ಆಳವಾದ ಕಚ್ಚುಗಳು ಎಷ್ಟೋ ಸಲ ಕಾಣಸಿಗುತ್ತವೆ. ಒಳಗೆ ತಾಮ್ರ ಇದೆಯೇ ಎಂದು ಪರದೇಶದ ವ್ಯಾಪಾರಿ ಪರೀಕ್ಷಿಸಿದ ಗುರುತು ಅದು. ಈಜಿಪ್ಟ್, ಅರೇಬಿಯಾ ಮತ್ತು ಪೂರ್ವ ಮೆಡಿಟರೇನಿಯನ್ ಕರಾವಳಿಯಲ್ಲಿ ಸ್ಥಳೀಯರೇ ಗೂಬೆಯನ್ನು ಅನುಕರಿಸಿ ನಾಣ್ಯ ಹೊಡೆದದ್ದು ಆ ಚಿತ್ರಕ್ಕಿದ್ದ ಬೆಲೆಗೆ ಸಾಕ್ಷಿ. ಅಥೀನಾಳ ಕಣ್ಣು ಪಕ್ಕನೋಟಕ್ಕೆ ತಕ್ಕಂತೆ ಬದಲಾಗಲು ಕ್ರಿ.ಪೂ. ನಾಲ್ಕನೆಯ ಶತಮಾನ ಬರಬೇಕಾಯಿತು. ಉರುಳಿಬಿದ್ದ ಎಣ್ಣೆಗಡಿಗೆಯ ಮೇಲೆ ಗೂಬೆ ನಿಂತಿರುವ ಅಗಲವಾದ ಹೊಸ ಶೈಲಿಯ ನಾಣ್ಯ ಬಂದದ್ದು ಕ್ರಿ.ಪೂ. ಎರಡನೆಯ ಶತಮಾನದಲ್ಲಿ. ಇಂದು ಗ್ರೀಸಿನ ಒಂದು ಯೂರೊ ನಾಣ್ಯದ ಮೇಲಿರುವುದು ಹಳೆಯ ಗೂಬೆಯೇ.

ಆ ಕಾಲದಲ್ಲೂ ಖೋಟಾ ನಾಣ್ಯಗಳಿದ್ದವೇ?

ಇದ್ದವು, ಮತ್ತು ಅವುಗಳ ವಿರುದ್ಧದ ಕಾನೂನೊಂದು ನಮಗೆ ಪೂರ್ಣವಾಗಿ ದೊರೆತಿದೆ. ಅಥೆನ್ಸಿನ ಪೇಟೆಚೌಕವಾಗಿದ್ದ ಅಗೋರಾದ ಉತ್ಖನನದಲ್ಲಿ 1970ರಲ್ಲಿ ಸಿಕ್ಕ ಶಿಲಾಶಾಸನ ಕ್ರಿ.ಪೂ. 375/4ರದು, ಅದನ್ನು ಮಂಡಿಸಿದವನ ಹೆಸರು ನಿಕೊಫನ್. ಅದರ ಪ್ರಕಾರ ಸಾರ್ವಜನಿಕ ಗುಲಾಮನೊಬ್ಬ ನಾಣ್ಯಪರೀಕ್ಷಕನಾಗಿ ಹಣ ಬದಲಿಸುವವರ ಮೇಜುಗಳ ನಡುವೆ ಕೂರಬೇಕು. ಅವನು ಒಪ್ಪಿದ ಅಥೆನ್ಸಿನ ಬೆಳ್ಳಿಯನ್ನು ಯಾವ ವರ್ತಕನಾದರೂ ಬೇಡವೆಂದರೆ ಅವನ ಸರಕು ಮುಟ್ಟುಗೋಲು. ಅಥೆನ್ಸಿನದೇ ಮುದ್ರೆಯಿರುವ ಪರದೇಶದ ಒಳ್ಳೆಯ ನಾಣ್ಯವನ್ನು ತಂದವನಿಗೇ ಹಿಂದಿರುಗಿಸಬೇಕು. ಒಳಗೆ ತಾಮ್ರ ಅಥವಾ ಸೀಸವಿದ್ದರೆ, ಇಲ್ಲವೇ ಖೋಟಾ ಆಗಿದ್ದರೆ, ಅಲ್ಲೇ ಕತ್ತರಿಸಿ ದೇವಮಾತೆಗೆ ಒಪ್ಪಿಸಬೇಕು. ಪರೀಕ್ಷಕ ಕರ್ತವ್ಯಕ್ಕೆ ತಪ್ಪಿದರೆ ಅವನಿಗೆ ಐವತ್ತು ಛಡಿಯೇಟು. ಸ್ವತಂತ್ರರ ಹಣಕಾಸಿನ ನಂಬಿಕೆಯೆಲ್ಲ ಒಬ್ಬ ಗುಲಾಮನ ಕಣ್ಣು ಕಿವಿಗಳ ಮೇಲೆ ನಿಂತಿತ್ತು ಎಂಬುದು ಈ ಶಾಸನ ಓದಿದಾಗಲೆಲ್ಲ ನನ್ನನ್ನು ಕಾಡುತ್ತದೆ.

ಸರ್ಕಾರವೇ ಬೆಳ್ಳಿ ಲೇಪದ ನಾಣ್ಯ ಹೊರಡಿಸಿದ ಪ್ರಸಂಗವೂ ಇದೆ. ಪೆಲೊಪೊನೀಸಿಯನ್ ಯುದ್ಧದ ಕೊನೆಯ ವರ್ಷಗಳಲ್ಲಿ ಗಣಿ ಕೈತಪ್ಪಿ, ಖಜಾನೆ ಬರಿದಾದಾಗ ಅಥೆನ್ಸ್ ತಾಮ್ರದ ಮೇಲೆ ಬೆಳ್ಳಿ ಹೊದಿಸಿ ಹಣ ಹೊಡೆಯಿತು. ಕ್ರಿ.ಪೂ. 405ರಲ್ಲಿ ರಂಗಕ್ಕೆ ಬಂದ ತನ್ನ ನಾಟಕದಲ್ಲಿ ಅರಿಸ್ಟೊಫನೀಸ್, ನಗರ ತನ್ನ ಒಳ್ಳೆಯ ಪ್ರಜೆಗಳನ್ನೂ ಹಳೆಯ ಒಳ್ಳೆಯ ನಾಣ್ಯವನ್ನೂ ಒಂದೇ ರೀತಿ ಮೂಲೆಗೆ ತಳ್ಳಿ ಕೀಳು ತಾಮ್ರವನ್ನು ಬಳಸುತ್ತಿದೆ ಎಂದು ಮೇಳದ ಬಾಯಲ್ಲಿ ನೇರವಾಗಿ ಹೇಳಿಸಿದ್ದಾನೆ.

ಏಜಿನಾದ ಆಮೆ ಮತ್ತು ಕಾರಿಂತ್‌ನ ರೆಕ್ಕೆಕುದುರೆಯ ವಿಶೇಷವೇನು?

ಏಜಿನಾ ಅಥೆನ್ಸಿನ ಎದುರಿಗಿರುವ ಸಣ್ಣ ದ್ವೀಪ. ಸ್ವಂತ ಬೆಳ್ಳಿ ಇರಲಿಲ್ಲ, ಹಡಗು ವ್ಯಾಪಾರವಿತ್ತು. ಗ್ರೀಸಿನ ಮುಖ್ಯಭೂಮಿಯ ಸುತ್ತಮುತ್ತ ಮೊದಲು ಬೆಳ್ಳಿ ನಾಣ್ಯ ಹೊಡೆದವರಲ್ಲಿ ಏಜಿನಾದವರು ಸೇರುತ್ತಾರೆ. ಅವರ ದಪ್ಪನೆಯ ನಾಣ್ಯದ ಮೇಲೆ ಬೆನ್ನ ಮೇಲೆ ಚುಕ್ಕೆಸಾಲಿರುವ ಕಡಲಾಮೆ. ಕ್ರಿ.ಪೂ. ಐದನೆಯ ಶತಮಾನದ ಮಧ್ಯಭಾಗದಲ್ಲಿ ಅಥೆನ್ಸಿನ ಅಧೀನಕ್ಕೆ ಬಂದ ಕಾಲದ ಆಸುಪಾಸಿನಲ್ಲಿ ಕಡಲಾಮೆ ಹೋಗಿ, ಚಿಪ್ಪಿನ ಫಲಕಗಳು ಸ್ಪಷ್ಟವಾಗಿ ಕಾಣುವ ನೆಲದಾಮೆ ಬಂತು. ಸಮುದ್ರದ ಮೇಲಿನ ಹಿಡಿತ ಕಳೆದುಕೊಂಡದ್ದರ ದ್ಯೋತಕ ಇದೆಂದು ಹೇಳುವ ಮಾತು ಆಕರ್ಷಕವಾಗಿದೆ, ಆದರೆ ಅದಕ್ಕೆ ಪ್ರಾಚೀನ ಆಧಾರವಿಲ್ಲ.

ಕಾರಿಂತ್‌ನ ಬೆಲೆರೊಫನ್ ವೀರ ಪೆಗಾಸಸ್ ಎಂಬ ರೆಕ್ಕೆಕುದುರೆಯನ್ನು ಅಥೀನಾ ಕೊಟ್ಟ ಕಡಿವಾಣದಿಂದ ಪಳಗಿಸಿದ ಕಥೆಯೇ ಆ ನಗರದ ನಾಣ್ಯ: ಒಂದು ಕಡೆ ಪೆಗಾಸಸ್, ಇನ್ನೊಂದು ಕಡೆ ಕಾರಿಂತ್ ಮಾದರಿಯ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿಕೊಂಡ ಅಥೀನಾ. ಕುದುರೆಯ ಕೆಳಗೆ ಕೊಪ್ಪಾ ಎಂಬ ಹಳೆಯ ಅಕ್ಷರವಿದೆ; ಬರವಣಿಗೆಯಿಂದ ಆ ಅಕ್ಷರ ಮರೆಯಾದ ಮೇಲೂ ನಾಣ್ಯದಲ್ಲಿ ಉಳಿಯಿತು. ಜನ ಈ ನಾಣ್ಯಗಳನ್ನು ಮರಿಕುದುರೆಗಳೆಂದೇ ಕರೆಯುತ್ತಿದ್ದರು. ಕಾರಿಂತ್‌ನಿಂದ ಹೋಗಿ ನೆಲೆಸಿದವರ ಲ್ಯೂಕಾಸ್, ಆಂಬ್ರೇಶಿಯ ಮುಂತಾದ ನಗರಗಳು ಅದೇ ಕುದುರೆಯ ಕೆಳಗೆ ತಮ್ಮ ತಮ್ಮ ಅಕ್ಷರವನ್ನು ಇಟ್ಟುಕೊಂಡವು.

ಗಿಡ, ಹೂವು, ಏಡಿಗಳ ಚಿತ್ರ ಏಕೆ?

ಕೆಲವು ಊರಿನ ಹೆಸರಿನ ಮೇಲಿನ ಶ್ಲೇಷೆಗಳು. ಗ್ರೀಕಿನಲ್ಲಿ ರೋಡಾನ್ ಎಂದರೆ ಗುಲಾಬಿ, ಕ್ರಿ.ಪೂ. 408ರಲ್ಲಿ ಒಗ್ಗೂಡಿದ ರೋಡ್ಸ್ ನಗರ ಸೂರ್ಯದೇವ ಹೀಲಿಯಾಸ್‌ನ ಹಿಂಬದಿಗೆ ಗುಲಾಬಿಯನ್ನಿಟ್ಟಿತು. ಸಿಸಿಲಿಯ ಸೆಲಿನಸ್ ನಗರಕ್ಕೆ ಸೆಲರಿ ಜಾತಿಯ ಕಾಡುಸೊಪ್ಪಿನ ಎಲೆ, ಫೋಕಿಯಾಕ್ಕೆ ಸೀಲ್ ಪ್ರಾಣಿ, ಸೀಡೆ ನಗರಕ್ಕೆ ದಾಳಿಂಬೆ. ಎಫೆಸಸ್‌ನ ಜೇನ್ನೊಣ ಆರ್ಟೆಮಿಸ್ ದೇವಿಯ ಆರಾಧನೆಗೆ ಸೇರಿದ್ದು. ಅಕ್ರಗಾಸ್‌ನ ನಾಣ್ಯದಲ್ಲಿ ಒಂದು ಬದಿ ಹದ್ದು, ಇನ್ನೊಂದು ಬದಿ ಏಡಿ. ಕ್ನೋಸಸ್‌ನ ನಾಣ್ಯದಲ್ಲಿ ಪುರಾಣದ ಚಕ್ರವ್ಯೂಹ.

ಬೆಳೆಯನ್ನೇ ಲಾಂಛನ ಮಾಡಿಕೊಂಡ ಊರುಗಳಲ್ಲಿ ಎರಡನ್ನು ವಿಶೇಷವಾಗಿ ಹೆಸರಿಸಬೇಕು. ದಕ್ಷಿಣ ಇಟಲಿಯ ಮೆಟಪಾಂಟಮ್ ತನ್ನ ಫಲವತ್ತಾದ ಬಯಲಿನ ಬಾರ್ಲಿ ತೆನೆಯನ್ನು ಒತ್ತಿತು. ಅಲ್ಲಿನ ಮೊದಲ ನಾಣ್ಯಗಳು ತೆಳ್ಳಗೆ ಅಗಲವಾಗಿದ್ದು, ಮುಂಬದಿಯಲ್ಲಿ ಉಬ್ಬಿದ ತೆನೆಯೇ ಹಿಂಬದಿಯಲ್ಲಿ ತಗ್ಗಾಗಿ ಮೂಡಿರುತ್ತದೆ. ಉತ್ತರ ಆಫ್ರಿಕಾದ ಸೈರೀನ್ ನಗರದ ನಾಣ್ಯದಲ್ಲಿರುವುದು ಸಿಲ್ಫಿಯಂ ಎಂಬ ಗಿಡ. ಔಷಧಿಗೂ ಅಡುಗೆಗೂ ಬಳಕೆಯಾಗುತ್ತಿದ್ದ ಅದರ ಅಂಟು ಆ ನಗರವನ್ನು ಶ್ರೀಮಂತಗೊಳಿಸಿತು. ಕ್ರಿ.ಶ. ಒಂದನೆಯ ಶತಮಾನದ ಹೊತ್ತಿಗೆ ಗಿಡವೇ ಕಾಣದಾಗಿತ್ತು. ತಮ್ಮ ಕಾಲದಲ್ಲಿ ಸಿಕ್ಕ ಒಂದೇ ಒಂದು ಕಾಂಡವನ್ನು ಚಕ್ರವರ್ತಿ ನೀರೊಗೆ ಕಳಿಸಲಾಯಿತೆಂದು ಪ್ಲಿನಿ ಬರೆದಿದ್ದಾನೆ. ದಪ್ಪ ಕಾಂಡ, ಎದುರುಬದುರು ಎಲೆ, ತುದಿಯಲ್ಲಿ ಹೂಗೊಂಚಲು. ಆ ಗಿಡದ ರೂಪವನ್ನು ಇಂದು ನಮಗೆ ತೋರಿಸುವ ಮುಖ್ಯ ಆಧಾರ ಈ ಬೆಳ್ಳಿಯೇ.

ಸಿರಾಕ್ಯೂಸ್‌ನ ನಾಣ್ಯಗಳನ್ನು ಅತ್ಯಂತ ಸುಂದರವೆನ್ನುವುದು ಏಕೆ?

ಅಥೆನ್ಸ್ ಬದಲಾಗದೆ ನಂಬಿಕೆ ಗಳಿಸಿದರೆ, ಸಿಸಿಲಿಯ ಸಿರಾಕ್ಯೂಸ್ ತನ್ನ ಎರಡು ಚಿತ್ರಗಳನ್ನು ಬಿಡದೆ, ಅವನ್ನು ಕೆತ್ತುವ ಕೈಗಳಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿತು. ಒಂದು ಚಿತ್ರ ನಾಲ್ಕು ಕುದುರೆಗಳ ರಥ. ಮೇಲೆ ಹಾರಿಬರುವ ವಿಜಯದೇವತೆ ನೀಕೆ. ಒಲಿಂಪಿಯಾದ ರಥಸ್ಪರ್ಧೆಗೆ ಕುದುರೆ ಸಾಕುವಷ್ಟು ಸಿರಿವಂತರಾಗಿದ್ದ ಸಿಸಿಲಿಯ ಪ್ರಭುಗಳ ಹೆಮ್ಮೆ ಇದು; ಸಿರಾಕ್ಯೂಸ್ ಆಳಿದ ಗೆಲಾನ್ ಕ್ರಿ.ಪೂ. 488ರಲ್ಲಿ ಅಲ್ಲಿ ಗೆದ್ದವನು. ಮತ್ತೊಂದು ಚಿತ್ರ ಡಾಲ್ಫಿನ್‌ಗಳು ಸುತ್ತುವರಿದ ಹೆಣ್ಣಿನ ತಲೆ. ಆಕೆ ಅರೆಥೂಸಾ. ಆಲ್ಫಿಯಸ್ ನದಿದೇವನಿಂದ ತಪ್ಪಿಸಿಕೊಂಡು ಸಮುದ್ರದಡಿಯಲ್ಲಿ ಸಾಗಿ, ಸಿರಾಕ್ಯೂಸ್‌ನ ಒರ್ಟೀಜಿಯ ದ್ವೀಪದಲ್ಲಿ ಸಿಹಿನೀರಿನ ಚಿಲುಮೆಯಾಗಿ ಹೊರಹೊಮ್ಮಿದವಳು. ಉಪ್ಪುನೀರಿನ ಅಂಚಿನಲ್ಲಿರುವ ಆ ಚಿಲುಮೆ ಇಂದಿಗೂ ಇದೆ. ಡಾಲ್ಫಿನ್‌ಗಳು ಸುತ್ತಲಿನ ಕಡಲು.

ಕ್ರಿ.ಪೂ. ಐದನೆಯ ಶತಮಾನದ ಕೊನೆಗೆ ಇಲ್ಲಿನ ಅಚ್ಚುಕೆತ್ತುವವರು ತಮ್ಮ ಹೆಸರನ್ನೇ ನಾಣ್ಯದಲ್ಲಿ ಸೇರಿಸತೊಡಗಿದರು. ಬೇರೆ ನಗರಗಳಲ್ಲಿ ಇದು ವಿರಳ. ಕಿಮಾನ್ ಮತ್ತು ಯೂಯಿನೆಟೊಸ್ ಕೆತ್ತಿದ, ಸುಮಾರು 43 ಗ್ರಾಂ ತೂಗುವ ಹತ್ತು ಡ್ರಾಕ್ಮದ ನಾಣ್ಯಗಳು ಗ್ರೀಕ್ ಕೆತ್ತನೆಯ ಶಿಖರ. ಕಿಮಾನ್‌ನ ಸಹಿ ಕೂದಲಿನ ಪಟ್ಟಿಯ ಮೇಲೆ, ಡಾಲ್ಫಿನ್ನಿನ ಮೈಮೇಲೆ ಎಳೆಯಷ್ಟು ಸಣ್ಣ ಅಕ್ಷರಗಳಲ್ಲಿದೆ. ಯೂಯಿನೆಟೊಸ್‌ನ ದೇವಿ ಜೊಂಡಿನಂಥ ಎಲೆಗಳನ್ನು ಮುಡಿದಿದ್ದಾಳೆ. ರಥದ ಕೆಳಗಿನ ಕಿರಿದಾದ ಪಟ್ಟಿಯಲ್ಲಿ ಕವಚ, ಗುರಾಣಿ, ಶಿರಸ್ತ್ರಾಣ, ಮೊಣಕಾಲಿನ ರಕ್ಷೆಗಳನ್ನು ಜೋಡಿಸಿ, ಬಹುಮಾನಗಳು ಎಂಬರ್ಥದ ಪದವನ್ನು ಕೆತ್ತಿದ್ದಾರೆ. ಕ್ರಿ.ಪೂ. 413ರಲ್ಲಿ ಸಿರಾಕ್ಯೂಸ್ ಅಥೆನ್ಸಿನ ಮಹಾಸೇನೆಯನ್ನು ನಾಶಮಾಡಿದ ವಿಜಯಕ್ಕೆ ಈ ಆಯುಧಗಳನ್ನು ಹಿಂದೆ ಜೋಡಿಸುತ್ತಿದ್ದರು. ಈಗ ಹೆಚ್ಚಿನ ವಿದ್ವಾಂಸರು ಈ ನಾಣ್ಯಗಳನ್ನು ಅದಕ್ಕಿಂತ ಕೆಲವು ವರ್ಷ ಈಚೆಗೆ, ಸಿರಾಕ್ಯೂಸ್‌ನ ಸರ್ವಾಧಿಕಾರಿ ಡಯೊನೀಸಿಯಸ್‌ನ ಆಳ್ವಿಕೆಗೆ ಸೇರಿಸುತ್ತಾರೆ.

ಕಿಮಾನ್ ಅರೆಥೂಸಾಳ ಮುಖವನ್ನು ನೇರವಾಗಿ ನಮ್ಮ ಕಡೆ ತಿರುಗಿಸಿದ ಒಂದು ಟೆಟ್ರಡ್ರಾಕ್ಮ್ ಕೂಡ ಇದೆ. ಕೂದಲು ನೀರಿನಲ್ಲಿ ತೇಲುವಂತೆ ಹರಡಿದೆ, ಎಳೆಗಳ ನಡುವೆ ಡಾಲ್ಫಿನ್‌ಗಳು ನುಸುಳುತ್ತಿವೆ, ಮೇಲೆ ಅವಳ ಹೆಸರೇ ಬರೆದಿದೆ. ಹಣಕ್ಕೆ ಇದು ತಕ್ಕ ಚಿತ್ರವಲ್ಲ: ಮೂಗು ಎಲ್ಲಕ್ಕಿಂತ ಎತ್ತರಕ್ಕಿರುವುದರಿಂದ ಚಲಾವಣೆಯಲ್ಲಿ ಮೊದಲು ಸವೆಯುವುದು ಅದೇ. ಹಾಗಿದ್ದರೂ ದೂರದ ಥೆಸಲಿಯ ಲಾರಿಸ್ಸಾ ನಗರ ಇದನ್ನು ನೋಡಿ ತನ್ನ ದೇವಿಯ ಮುಖವನ್ನು ಕೆತ್ತಿಸಿಕೊಂಡಿತು.

ರಾಜರ ಮುಖ ನಾಣ್ಯದ ಮೇಲೆ ಯಾವಾಗ ಬಂತು?

ಗ್ರೀಕ್ ನಗರಗಳು ಬದುಕಿರುವ ಮನುಷ್ಯರ ಮುಖವನ್ನು ಒತ್ತುತ್ತಿರಲಿಲ್ಲ. ಆ ಸ್ಥಾನ ದೇವತೆಗಳದು. ಏಷ್ಯಾ ಮೈನರ್‌ನ ಪರ್ಷಿಯನ್ ಪ್ರಾಂತಾಧಿಪತಿಗಳೂ ಲಿಸಿಯಾದ ಪಾಳೆಯಗಾರರೂ ಮೊದಲು ಆ ಗೆರೆ ದಾಟಿದರು. ಮ್ಯಾಸಿಡೋನಿಯಾದ ಫಿಲಿಪ್ ತನ್ನ ಬೆಳ್ಳಿಯಲ್ಲಿ ಜೀಯಸ್‌ನ ತಲೆಯನ್ನೂ, ಒಲಿಂಪಿಯಾದಲ್ಲಿ ಗೆದ್ದ ತನ್ನ ಕುದುರೆಯನ್ನು ನೆನಪಿಸುವ ಸವಾರನನ್ನೂ ಇಟ್ಟ. ಅವನ ಮಗ ಅಲೆಕ್ಸಾಂಡರ್‌ನ ನಾಣ್ಯದಲ್ಲಿ ಸಿಂಹದ ಚರ್ಮ ಹೊದ್ದಿರುವುದು ಹೆರಾಕ್ಲೀಸ್, ಅಲೆಕ್ಸಾಂಡರ್ ಅಲ್ಲ. ಹಿಂಬದಿಯಲ್ಲಿ ಹದ್ದು ಹಿಡಿದು ಪೀಠದಲ್ಲಿ ಕೂತ ಜೀಯಸ್. ಪರ್ಸಿಪೊಲಿಸ್‌ನಲ್ಲಿ ಅವನಿಗೆ ಸಿಕ್ಕ ಸಂಪತ್ತು 1,20,000 ಟ್ಯಾಲೆಂಟ್ ಎಂದು ಡಯೊಡೋರಸ್ ಹೇಳುತ್ತಾನೆ. ಅವನ ಹೆಸರಿನ ನಾಣ್ಯಗಳನ್ನು ಅವನು ಸತ್ತ ನಂತರವೂ ಎರಡು ಶತಮಾನ ಕಾಲ ಬೇರೆ ಬೇರೆ ನಗರಗಳು ಹೊಡೆಯುತ್ತಲೇ ಇದ್ದವು.

ಅಲೆಕ್ಸಾಂಡರ್‌ನ ಮುಖ ಅವನ ಸಾವಿನ ನಂತರ ಬಂತು: ಈಜಿಪ್ಟಿನಲ್ಲಿ ಟಾಲೆಮಿ ಅವನಿಗೆ ಆನೆಯ ತಲೆಯ ಚರ್ಮ ತೊಡಿಸಿದ, ಥ್ರೇಸಿನ ಲೈಸಿಮಾಕಸ್ ಅಮ್ಮಾನ್ ದೇವನ ಟಗರುಕೊಂಬು ಕೊಟ್ಟ. ಆಮೇಲೆ ಉತ್ತರಾಧಿಕಾರಿಗಳು ತಮ್ಮದೇ ಮುಖಗಳನ್ನು ಇಡಲು ಹಿಂಜರಿಯಲಿಲ್ಲ.

ಸ್ಪಾರ್ಟಾದ ನಾಣ್ಯಗಳು ಏಕೆ ಕಾಣಸಿಗುವುದಿಲ್ಲ?

ಸ್ಪಾರ್ಟಾ ಬಹುಕಾಲ ಬೆಳ್ಳಿ ನಾಣ್ಯವನ್ನೇ ಹೊಡೆಯಲಿಲ್ಲ. ಅಲ್ಲಿನ ಮೊದಲ ಬೆಳ್ಳಿ ನಾಣ್ಯ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಆಳಿದ ಅರೆಯಸ್ ದೊರೆಯದು, ಅದೂ ಅಲೆಕ್ಸಾಂಡರ್ ನಾಣ್ಯದ ಮಾದರಿಯಲ್ಲಿ.

ಭಾರತಕ್ಕೂ ಈ ನಾಣ್ಯಗಳಿಗೂ ಸಂಬಂಧವಿದೆಯೇ?

ಇದೆ, ಅದೂ ಗಾಢವಾಗಿ. ಬ್ಯಾಕ್ಟ್ರಿಯಾ (ಇಂದಿನ ಉತ್ತರ ಅಫ್ಘಾನಿಸ್ತಾನದ ಸುತ್ತಲಿನ ಪ್ರದೇಶ) ಮತ್ತು ವಾಯವ್ಯ ಭಾರತವನ್ನು ಆಳಿದ ಗ್ರೀಕ್ ಅರಸರು ಮುಂಬದಿಯಲ್ಲಿ ಗ್ರೀಕ್, ಹಿಂಬದಿಯಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ ಇರುವ ಬೆಳ್ಳಿ ನಾಣ್ಯ ಹೊಡೆದರು. ಬೌದ್ಧ ಗ್ರಂಥದಲ್ಲಿ ಮಿಲಿಂದನೆಂದು ಹೆಸರಾದ ಮಿನಾಂಡರ್ ಅವರಲ್ಲೊಬ್ಬ. ಅವನ ನಾಣ್ಯದ ಹಿಂಬದಿಯಲ್ಲಿ ಸಿಡಿಲನ್ನು ಎಸೆಯಲು ನಿಂತ ಅಥೀನಾ ಇದ್ದಾಳೆ. ಅಫ್ಘಾನಿಸ್ತಾನದ ಐ ಖಾನೂಮ್‌ನಲ್ಲಿ 1970ರಲ್ಲಿ ದೊರೆತ ಅಗಾತೊಕ್ಲೀಸ್ ದೊರೆಯ ಆರು ಚೌಕ ಬೆಳ್ಳಿ ನಾಣ್ಯಗಳ ಮೇಲೆ ಒಂದು ಬದಿ ಚಕ್ರಧಾರಿ ವಾಸುದೇವ, ಇನ್ನೊಂದು ಬದಿ ನೇಗಿಲು ಹಿಡಿದ ಸಂಕರ್ಷಣ. ಬರಹ ಗ್ರೀಕ್ ಮತ್ತು ಬ್ರಾಹ್ಮಿಯಲ್ಲಿ. ಕೃಷ್ಣ ಬಲರಾಮರ ಅತಿ ಹಳೆಯ ಚಿತ್ರಗಳ ಸಾಲಿನಲ್ಲಿ ಇವಕ್ಕೆ ಸ್ಥಾನವಿದೆ.

ಈ ಪರಂಪರೆ ದಖ್ಖನಿಗೂ ಇಳಿಯಿತು. ಅಪೊಲೊಡೊಟಸ್ ಮತ್ತು ಮಿನಾಂಡರ್‌ನ ಗ್ರೀಕ್ ಅಕ್ಷರದ ಹಳೆಯ ಡ್ರಾಕ್ಮಗಳು ಭರೂಚ್ ಬಂದರಿನಲ್ಲಿ ಇನ್ನೂ ಚಲಾವಣೆಯಲ್ಲಿದ್ದವೆಂದು ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿಯೊಂದು ತಿಳಿಸುತ್ತದೆ. ಪಶ್ಚಿಮ ಭಾರತವನ್ನು ಆಳಿದ ಶಕ ಅರಸರಾದ ಪಶ್ಚಿಮ ಕ್ಷತ್ರಪರು ಅದೇ ಜಾಡಿನಲ್ಲಿ ಅರಸನ ಮುಖವೂ ಅಪಭ್ರಂಶಗೊಂಡ ಗ್ರೀಕ್ ಬರಹವೂ ಇರುವ ಬೆಳ್ಳಿ ನಾಣ್ಯ ಹೊಡೆದರು. ನಾಸಿಕ್ ಬಳಿಯ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ ಸಿಕ್ಕ ಕ್ಷತ್ರಪ ನಹಪಾನನ 13,000ಕ್ಕೂ ಹೆಚ್ಚು ನಾಣ್ಯಗಳ ಪೈಕಿ ಬಹುಪಾಲಿನ ಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದಾನೆ. ಕರ್ನಾಟಕದ ಸನ್ನತಿಯವರೆಗೆ ಹಬ್ಬಿದ್ದ ಆ ವಂಶದ ಅರಸರು ಹೊಡೆಸಿದ ಮುಖಚಿತ್ರದ ಬೆಳ್ಳಿ ನಾಣ್ಯಗಳಲ್ಲಿ ಒಂದು ಬದಿಗೆ ಪ್ರಾಕೃತ, ಇನ್ನೊಂದು ಬದಿಗೆ ದ್ರಾವಿಡ ಭಾಷೆಯ ಬರಹವಿದೆ.

ನಾಣ್ಯದ ಕಾಲವನ್ನು ಹೇಗೆ ತಿಳಿಯುತ್ತಾರೆ?

ಗ್ರೀಕ್ ನಗರಗಳ ಹಳೆಯ ನಾಣ್ಯಗಳಲ್ಲಿ ಇಸವಿ ಇರುವುದಿಲ್ಲ. ಒಂದೇ ಅಚ್ಚಿನಿಂದ ಬಂದ ನಾಣ್ಯಗಳನ್ನು ಗುರುತಿಸಿ, ಅಚ್ಚು ಬಿರುಕು ಬಿಡುತ್ತ ಹೋದ ಕ್ರಮವನ್ನು ನೋಡಿ ಸರಣಿ ಕಟ್ಟುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ನಿಧಿ. ಒಟ್ಟಿಗೆ ಹೂಳಿದ ನಾಣ್ಯಗಳಲ್ಲಿ ಯಾವುದು ಸವೆದಿದೆ, ಯಾವುದು ಹೊಸದಾಗಿದೆ, ಯಾವ ಊರಿನದು ಯಾವುದರ ಜೊತೆಗಿದೆ ಎಂಬುದರಿಂದ ಕಾಲವೂ ವ್ಯಾಪಾರದ ದಾರಿಯೂ ತಿಳಿಯುತ್ತವೆ. ಟರ್ಕಿಯ ಎಲ್ಮಲಿ ಬಳಿ 1984ರಲ್ಲಿ ಸುಮಾರು 1,900 ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ರೆಕ್ಕೆ ಬಿಚ್ಚಿದ ಗೂಬೆಯುಳ್ಳ, ಅತಿ ವಿರಳವಾದ ಅಥೆನ್ಸಿನ ಹತ್ತು ಡ್ರಾಕ್ಮದ ನಾಣ್ಯಗಳೂ ಇದ್ದವು. ಕಳ್ಳಸಾಗಣೆಯಾಗಿ ದೇಶ ಬಿಟ್ಟ ಅದರ ಬಹುಭಾಗ ಟರ್ಕಿಗೆ ಹಿಂದಿರುಗಿದ್ದು 1999ರಲ್ಲಿ, ದೀರ್ಘ ಕಾನೂನು ಹೋರಾಟದ ನಂತರ. ಚದುರಿಹೋದ ನಿಧಿಯಲ್ಲಿ ನಾಣ್ಯ ಉಳಿಯುತ್ತದೆ, ಅದು ಹೇಳಬೇಕಿದ್ದ ಸಂಗತಿ ಅಳಿದುಹೋಗುತ್ತದೆ.

ಇಂಥ ನಾಣ್ಯವನ್ನು ಕೊಳ್ಳಬಹುದೇ? ನಕಲಿಯನ್ನು ಗುರುತಿಸುವುದು ಹೇಗೆ?

ಎಲ್ಲಿ ಸಿಕ್ಕಿತು, ಯಾರ ಸಂಗ್ರಹದಲ್ಲಿತ್ತು ಎಂಬ ಹಳೆಯ ದಾಖಲೆಯಿಲ್ಲದ ನಾಣ್ಯವನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥ ಪ್ರತಿ ಖರೀದಿಯೂ ಕಳ್ಳ ಅಗೆತಕ್ಕೆ ಕೂಲಿ ಕೊಟ್ಟಂತೆ. ಭಾರತದಲ್ಲಿ 1972ರ ಪುರಾವಸ್ತು ಕಾಯಿದೆಯಡಿ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತು. ಮಾರಾಟದ ವ್ಯವಹಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಭೂಮಿಯಲ್ಲಿ ಸಿಕ್ಕ ನಿಧಿಯನ್ನು 1878ರ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ನಕಲಿಯ ವಿಷಯದಲ್ಲಿ ಮೊದಲ ಪರೀಕ್ಷೆ ತಕ್ಕಡಿ: ಗೂಬೆ ಟೆಟ್ರಡ್ರಾಕ್ಮ್ 15 ಗ್ರಾಂ ತೂಗಿದರೆ ಅನುಮಾನ ಸಹಜ. ಎರಕ ಹೊಯ್ದ ನಕಲಿಗಳಲ್ಲಿ ಅಂಚಿನ ಸುತ್ತ ಬೆಸುಗೆಯ ಗೆರೆ, ಮೇಲ್ಮೈಯಲ್ಲಿ ಗುಳ್ಳೆಯ ಸಣ್ಣ ಕುಳಿಗಳು, ಮೊಂಡಾದ ಅಕ್ಷರಗಳು ಕಾಣುತ್ತವೆ. ಎರಡು ನಾಣ್ಯಗಳಲ್ಲಿ ಅಂಚಿನ ಸೀಳೂ ಗೀರೂ ಒಂದೇ ಜಾಗದಲ್ಲಿದ್ದರೆ ಒಂದಾದರೂ ನಕಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಬೆಕರ್ ಎಂಬಾತ ಕೆತ್ತಿದ ಅಚ್ಚುಗಳು ಪಂಡಿತರನ್ನೂ ಮೋಸಗೊಳಿಸಿದವು, ಆದ್ದರಿಂದ ಛಾಯಾಚಿತ್ರ ನೋಡಿ ತೀರ್ಮಾನ ಕೊಡುವವರನ್ನು ನಂಬಬಾರದು.

ಕಪ್ಪಾಗಿರುವ ಹಳೆಯ ಬೆಳ್ಳಿಯನ್ನು ಹುಣಸೆಹಣ್ಣು, ಬೂದಿ, ಪಾಲಿಶ್ ಯಾವುದರಿಂದಲೂ ಉಜ್ಜಬಾರದು. ಶತಮಾನಗಳ ಕಾಲ ನೆಲದಲ್ಲಿದ್ದ ಬೆಳ್ಳಿ ಒಳಗೊಳಗೇ ಪೆಡಸಾಗಿ ಬಿರುಕು ಬಿಟ್ಟಿರಬಹುದು. ಕೈಜಾರಿ ಬಿದ್ದರೆ ಎರಡು ತುಂಡಾಗುವುದೂ ಉಂಟು.

ಕೊಳ್ಳದೆ ಇವನ್ನು ನೋಡುವುದು ಎಲ್ಲಿ?

ಅಥೆನ್ಸಿನ ನಾಣ್ಯ ವಸ್ತುಸಂಗ್ರಹಾಲಯ, ಟ್ರಾಯ್ ಅಗೆದ ಶ್ಲೀಮನ್ ಕಟ್ಟಿಸಿಕೊಂಡಿದ್ದ ಮನೆಯಲ್ಲೇ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯ, ಬರ್ಲಿನ್ನಿನ ನಾಣ್ಯಸಂಗ್ರಹ ಮತ್ತು ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ತಮ್ಮ ನಾಣ್ಯಗಳ ಚಿತ್ರಗಳನ್ನು ತೂಕ, ಅಳತೆಗಳ ಸಹಿತ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಇಂಡೋ-ಗ್ರೀಕ್ ನಾಣ್ಯಗಳ ದೊಡ್ಡ ಸಂಗ್ರಹ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ತೆರೆಯ ಮೇಲೆ ನೋಡುವಾಗ ಜೊತೆಗಿರುವ ಮಿಲಿಮೀಟರ್ ಅಳತೆಯನ್ನು ಮರೆಯದೆ ಓದಿ: ಅಂಗೈಯಗಲ ಕಾಣುವ ಗೂಬೆ ನಿಜದಲ್ಲಿ 25 ಮಿಲಿಮೀಟರಿನ ಆಸುಪಾಸಿನ ಬಿಲ್ಲೆಯಲ್ಲಿದೆ, ಒಬಲ್‌ನ ಮೇಲಿನ ಗೂಬೆ ಒಂದು ಸೆಂಟಿಮೀಟರಿನೊಳಗೆ.